ಕೆಡದ ಕಾರಿಗೆ ಮುಂಗಡ ಹಣ

ಹೊಸ ಕಾರು ಕೊಳ್ಳುವವರ ಮುಂದೆ ಎಕ್ಸ್‌ಟೆಂಡೆಡ್ ವಾರಂಟಿಯ, ಅಂದರೆ ಹೆಚ್ಚುವರಿ ಹಣ ಕೊಟ್ಟು ಕೊಳ್ಳುವ ಮುಂದುವರಿದ ವಾರಂಟಿಯ, ಮಾತು ಯಾವಾಗ ಬರುತ್ತದೆ ಎನ್ನುವುದನ್ನು ಗಮನಿಸಿದ್ದೀರಾ? ಮಾಡೆಲ್ ಆರಿಸುವಾಗ ಅಲ್ಲ, ಟೆಸ್ಟ್ ಡ್ರೈವ್ ಮಾಡುವಾಗಲೂ ಅಲ್ಲ. ಬಣ್ಣ ಗೊತ್ತಾಗಿ, ಸಾಲ ಮಂಜೂರಾಗಿ, ಒಂದರ ಹಿಂದೊಂದು ಕಾಗದಕ್ಕೆ ಸಹಿ ಹಾಕಿ ಕೈ ಸೋತಿರುವ ಹೊತ್ತಿನಲ್ಲಿ ಬರುತ್ತದೆ. "ಇದೊಂದು ಸೇರಿಸಿಬಿಡಲಾ ಸರ್? ಕಂತಿನಲ್ಲಿ ಅಂಥಾ ವ್ಯತ್ಯಾಸವೇನೂ ಆಗಲ್ಲ." ಆಗಷ್ಟೇ ದೊಡ್ಡ ಮೊತ್ತಕ್ಕೆ ಒಗ್ಗಿಕೊಂಡ ಮನಸ್ಸಿಗೆ ಅದರ ಒಂದು ಸಣ್ಣ ಪಾಲು ಲೆಕ್ಕಕ್ಕೇ ಸಿಗುವುದಿಲ್ಲ. ಅಷ್ಟೇ ಹಣವನ್ನು ಬೇರೊಂದು ದಿನ ಬೇರೊಂದು ವಸ್ತುವಿಗೆ ಕೇಳಿದ್ದರೆ ನಾಲ್ಕು ಕಡೆ ವಿಚಾರಿಸಿ, ಎರಡು ದಿನ ಯೋಚಿಸಿ, ಮನೆಯಲ್ಲಿ ಒಂದು ಸುತ್ತು ಜಗಳವನ್ನೂ ಆಡಿರುತ್ತಿದ್ದೆವು.

ನಾನು ಕೇಳಿದ್ದು ಇಷ್ಟೇ: ಇದರ ಪೂರ್ತಿ ಷರತ್ತುಗಳಿರುವ ಪ್ರತಿ ಕೊಡಿ, ಮನೆಗೆ ಒಯ್ದು ಓದುತ್ತೇನೆ. ಸಿಕ್ಕಿದ್ದು ನುಣುಪಾದ ಒಂದು ಹಾಳೆ. ಅದರಲ್ಲಿ ನಗುತ್ತಿರುವ ಒಂದು ಕುಟುಂಬ, ಹಸಿರು ಟಿಕ್ ಗುರುತುಗಳ ಸಾಲು, ತೀರಾ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ "ಷರತ್ತುಗಳು ಅನ್ವಯ". ಆ ಷರತ್ತುಗಳು ಎಲ್ಲಿವೆ ಎಂದರೆ ಎದುರಿಗಿದ್ದ ಹುಡುಗನಿಗೂ ಗೊತ್ತಿರಲಿಲ್ಲ. ಅವನನ್ನು ದೂರಿ ಫಲವಿಲ್ಲ, ಅವನಿಗೆ ಕೊಟ್ಟಿರುವುದೂ ಅದೇ ಹಾಳೆ. ಷರತ್ತು ಓದದೆ ಸಹಿ ಹಾಕುವುದಿಲ್ಲ ಎಂದು ಹೇಳಿ ಎದ್ದು ಬಂದೆ. ಆಮೇಲೆ ಕೂತು ಓದಿದ್ದು, ಲೆಕ್ಕ ಹಾಕಿದ್ದು, ಮನೆಯಲ್ಲಿ ವಾದಿಸಿದ್ದೆಲ್ಲ ಇಲ್ಲಿದೆ.

ಮೊದಲಿಗೆ ಒಂದು ಸರಳ ಸಂಗತಿ, ಶೋರೂಂನಲ್ಲಿ ಯಾರೂ ಒತ್ತಿ ಹೇಳದಂಥದ್ದು. ಈ ವಾರಂಟಿ ಸಾಮಾನ್ಯವಾಗಿ ಶುರುವಾಗುವುದು ಇವತ್ತಲ್ಲ. ಕಾರಿನ ಜೊತೆಗೇ ಬರುವ ಮೂಲ ವಾರಂಟಿ ಮುಗಿದ ಮೇಲೆ. ಮೂಲ ವಾರಂಟಿ ಮೂರು ವರ್ಷವಾದರೆ, ಇವತ್ತು ಕೊಟ್ಟ ಹಣಕ್ಕೆ ಪ್ರತಿಯಾಗಿ ಮೂರು ವರ್ಷ ಏನೂ ಸಿಗುವುದಿಲ್ಲ. ನಾಲ್ಕನೆಯ ವರ್ಷಕ್ಕೆ ಕಾಲಿಟ್ಟ ಮೇಲಷ್ಟೇ ಅದಕ್ಕೆ ಜೀವ. ಇನ್ನು ಅದನ್ನು ಸಾಲದಲ್ಲಿ ಸೇರಿಸಿದರೆ? ವಾರಂಟಿಯ ಬೆಲೆ 100 ಎಂದಿಟ್ಟುಕೊಳ್ಳಿ. ವರ್ಷಕ್ಕೆ ಶೇ. 9ರ ಬಡ್ಡಿಯಲ್ಲಿ ಐದು ವರ್ಷದ ಕಂತಾದರೆ ಕೊನೆಗೆ ಕಟ್ಟುವುದು ಸುಮಾರು 125. "ಕಂತಿನಲ್ಲಿ ವ್ಯತ್ಯಾಸ ಆಗಲ್ಲ" ಅನ್ನುವ ಮಾತು ಸುಳ್ಳಲ್ಲ. ಆದರೆ ಇನ್ನೂ ಹುಟ್ಟದ ರಕ್ಷಣೆಗೆ ಈಗಿನಿಂದಲೇ ಬಡ್ಡಿ ಕಟ್ಟುತ್ತಿದ್ದೇವೆ ಎನ್ನುವುದೂ ಅಷ್ಟೇ ನಿಜ.

ಜೊತೆಗೆ "ವರ್ಷ ಅಥವಾ ಕಿಲೋಮೀಟರ್, ಯಾವುದು ಮೊದಲೋ ಅದು" ಎಂಬ ಸಾಲಿದೆ. ಕಾರು ವಿಪರೀತ ಓಡಿಸುವವರಿಗೆ ಕಿಲೋಮೀಟರ್ ಮೊದಲು ಮುಗಿಯುತ್ತದೆ. ವಾರಕ್ಕೊಮ್ಮೆ ಹೊರತೆಗೆಯುವವರಿಗೆ ವರ್ಷ ಮೊದಲು ಮುಗಿಯುತ್ತದೆ, ಓಡದ ಕಿಲೋಮೀಟರುಗಳು ಹಾಗೇ ಉಳಿದುಹೋಗುತ್ತವೆ. ನಮ್ಮ ಓಡಾಟಕ್ಕೆ ಇದರಲ್ಲಿ ಯಾವ ಗಡಿ ಮೊದಲು ಬರುತ್ತದೆ ಎನ್ನುವುದನ್ನು ಒಂದು ಭಾಗಾಕಾರದಿಂದ ತಿಳಿದುಕೊಳ್ಳಬಹುದು. ಆ ಭಾಗಾಕಾರ ಮಾಡುವ ಮೊದಲು ಬೆಲೆಯ ಮಾತಾಡುವುದೇ ದಂಡ.

ಈಗ ನನ್ನನ್ನು ನಿಜವಾಗಿ ಹಿಡಿದು ಕೂರಿಸಿದ ಲೆಕ್ಕಕ್ಕೆ ಬರುತ್ತೇನೆ. ಅದು ಕಾರು ಹುಟ್ಟುವುದಕ್ಕೆ ಒಂದೂವರೆ ಶತಮಾನ ಮೊದಲಿನದು. 1738ರಲ್ಲಿ ಡೇನಿಯಲ್ ಬರ್ನೌಲಿ ಎಂಬ ಸ್ವಿಸ್ ಗಣಿತಜ್ಞನ ಒಂದು ಪ್ರಬಂಧ ಪ್ರಕಟವಾಯಿತು. ಅದರಲ್ಲಿ ಕೈಯಸ್ ಎಂಬ ಕಾಲ್ಪನಿಕ ವ್ಯಾಪಾರಿ ಬರುತ್ತಾನೆ. ಅವನಿರುವುದು ಪೀಟರ್ಸ್‌ಬರ್ಗ್‌ನಲ್ಲಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸರಕು ಕೊಂಡಿದ್ದಾನೆ. ಅದು ಹಡಗಿನಲ್ಲಿ ಊರು ಮುಟ್ಟಿದರೆ 10,000 ರೂಬಲ್‌ಗೆ ಮಾರಾಟ. ಆದರೆ ಆ ದಾರಿಯಲ್ಲಿ 100 ಹಡಗುಗಳಲ್ಲಿ 5 ಮುಳುಗುತ್ತವೆ. ವಿಮೆ ಮಾಡಿಸೋಣವೆಂದರೆ ಎಲ್ಲರೂ 800 ರೂಬಲ್ ಕೇಳುತ್ತಾರೆ. ಸರಾಸರಿ ಲೆಕ್ಕದಲ್ಲಿ ಆಗಬಹುದಾದ ನಷ್ಟ 500 ಮಾತ್ರ. ಅಂದರೆ 300 ರೂಬಲ್ ಸುಮ್ಮನೆ ಹೆಚ್ಚು. ಕೈಯಸ್ ಏನು ಮಾಡಬೇಕು?

ವಿಮೆ ದುಬಾರಿ, ಬೇಡ ಎಂದು ಬರ್ನೌಲಿ ಹೇಳಿಬಿಡುವುದಿಲ್ಲ. ಅವನು ಕೇಳುವ ಪ್ರಶ್ನೆಯೇ ಬೇರೆ: ಈ ಸರಕನ್ನು ಬಿಟ್ಟು ಕೈಯಸ್‌ನ ಬಳಿ ಇನ್ನೆಷ್ಟು ಹಣವಿದೆ? ಒಂದು ರೂಬಲ್ ಕಳೆದುಕೊಂಡರೆ ಬಡವನಿಗೆ ಆಗುವ ನೋವು ಶ್ರೀಮಂತನಿಗೆ ಆಗುವುದಿಲ್ಲ ಎಂಬ ಮಾತನ್ನು ಗಣಿತಕ್ಕೆ ಇಳಿಸಿ ಅವನು ಒಂದು ಗೆರೆ ಎಳೆಯುತ್ತಾನೆ. ಕೈಯಸ್‌ನ ಬೇರೆ ಆಸ್ತಿ 5,043 ರೂಬಲ್‌ಗಿಂತ ಹೆಚ್ಚಿದ್ದರೆ ವಿಮೆ ಬೇಡ, ಕಡಿಮೆಯಿದ್ದರೆ 800 ಕೊಟ್ಟು ವಿಮೆ ಮಾಡಿಸಲಿ. ಅಲ್ಲಿಗೇ ನಿಲ್ಲುವುದಿಲ್ಲ. ವಿಮೆ ಕೊಡುವವನ ಕಡೆಯಿಂದಲೂ ಅದೇ ಲೆಕ್ಕ ಹಾಕುತ್ತಾನೆ. ಅವನ ಬಳಿ ಕನಿಷ್ಠ 14,243 ರೂಬಲ್ ಇದ್ದರಷ್ಟೇ ಈ ವ್ಯವಹಾರಕ್ಕೆ ಇಳಿಯಬೇಕಂತೆ. ಒಂದೇ ಹಡಗು, ಒಂದೇ ಸಮುದ್ರ, ಒಂದೇ 800 ರೂಬಲ್. ಒಬ್ಬನಿಗೆ ಜಾಣತನವಾದದ್ದು ಇನ್ನೊಬ್ಬನಿಗೆ ದಂಡ.

ಇದನ್ನು ಓದಿದ ಮೇಲೆ ಎಕ್ಸ್‌ಟೆಂಡೆಡ್ ವಾರಂಟಿ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದವೇ ನನಗೆ ಅರ್ಧಂಬರ್ಧ ಅನ್ನಿಸತೊಡಗಿತು. ನಾವು ಕಾರನ್ನೇ ಅಳೆಯುತ್ತ ಕೂರುತ್ತೇವೆ: ಈ ಮಾಡೆಲ್ ಗಟ್ಟಿಯೇ, ಆ ಕಂಪನಿ ನಂಬಬಹುದೇ ಎಂದು. ಅಳೆಯಬೇಕಾದದ್ದು ನಮ್ಮ ಜೇಬನ್ನು. ನಾಳೆ ಬೆಳಿಗ್ಗೆ ಗೇರ್‌ಬಾಕ್ಸ್ ಕೈಕೊಟ್ಟರೆ ಆ ಬಿಲ್ ನಮಗೆ ಬರೀ ಸಿಟ್ಟು ತರಿಸುತ್ತದೋ, ಅಥವಾ ಮಕ್ಕಳ ಫೀಸು, ಮನೆ ಬಾಡಿಗೆಗಳನ್ನೇ ಅಲ್ಲಾಡಿಸುತ್ತದೋ? ಸಿಟ್ಟಷ್ಟೇ ಆದರೆ ವಾರಂಟಿ ಬೇಡ. ಬದುಕು ಅಲ್ಲಾಡುವಂತಿದ್ದರೆ, ಸರಾಸರಿಯಲ್ಲಿ ನಷ್ಟವಾದರೂ, ಕೊಳ್ಳುವುದೇ ಸರಿ.

ಸರಾಸರಿಯಲ್ಲಿ ನಷ್ಟ ಎಂದೆ. ಅದು ಮಾರುವವರ ಮೇಲಿನ ಆರೋಪವಲ್ಲ, ವ್ಯವಹಾರದ ರಚನೆಯೇ ಹಾಗೆ. ಕಟ್ಟಿಸಿಕೊಂಡ ಹಣದಲ್ಲಿ ರಿಪೇರಿ ಖರ್ಚು ಹೋಗಬೇಕು, ಶೋರೂಂನ ಕಮಿಷನ್ ಹೋಗಬೇಕು, ಕಚೇರಿಯ ಖರ್ಚು ಹೋಗಬೇಕು, ಲಾಭವೂ ಉಳಿಯಬೇಕು. ಎಲ್ಲರಿಗೂ ಕಟ್ಟಿದ್ದಕ್ಕಿಂತ ಹೆಚ್ಚು ವಾಪಸು ಕೊಟ್ಟರೆ ಅಂಗಡಿ ನಡೆಯುವುದಿಲ್ಲ. ಎರಡು ವರ್ಷದ ವಾರಂಟಿಗೆ 100, ಗೇರ್‌ಬಾಕ್ಸ್ ರಿಪೇರಿಗೆ 600 ಎಂದು ಊಹಿಸಿಕೊಳ್ಳಿ. ಹಣಕ್ಕೆ ಹಣ ಸಮವಾಗಬೇಕಾದರೆ ಆ ಎರಡು ವರ್ಷಗಳಲ್ಲಿ ಪ್ರತಿ ಆರು ಕಾರಿಗೆ ಒಂದರ ಗೇರ್‌ಬಾಕ್ಸ್ ಕೆಡಬೇಕು. ಅಷ್ಟು ಕೆಡುವ ಕಾರಾದರೆ ವಾರಂಟಿಯ ಮಾತು ಹಾಗಿರಲಿ, ಆ ಕಾರನ್ನೇ ಏಕೆ ಕೊಳ್ಳಬೇಕು?

ಅದೂ ಅಲ್ಲದೆ ಯಂತ್ರಗಳು ಕೆಡುವುದಕ್ಕೆ ಒಂದು ಕ್ರಮವಿದೆ. ಎಂಜಿನಿಯರುಗಳು ಅದನ್ನು ಬಾತ್‌ಟಬ್ ಕರ್ವ್ ಎನ್ನುತ್ತಾರೆ: ಎರಡೂ ತುದಿಯಲ್ಲಿ ಎತ್ತರ, ನಡುವೆ ತಗ್ಗು. ಕಾರ್ಖಾನೆಯಲ್ಲೇ ಉಳಿದ ದೋಷಗಳು ಮೊದಲ ದಿನಗಳಲ್ಲೇ ಮುಖ ತೋರಿಸುತ್ತವೆ. ಆಮೇಲೆ ಒಂದಷ್ಟು ವರ್ಷ ಅಪರೂಪಕ್ಕೊಂದು ತೊಂದರೆ. ಕೊನೆಗೆ ಸವೆತ ಶುರುವಾಗಿ ಒಂದೊಂದೇ ಭಾಗ ಕೈಕೊಡುತ್ತದೆ. ಮೊದಲ ಎತ್ತರವನ್ನು ಮೂಲ ವಾರಂಟಿಯೇ ನೋಡಿಕೊಳ್ಳುತ್ತದೆ. ಎಕ್ಸ್‌ಟೆಂಡೆಡ್ ವಾರಂಟಿ ಬಹುಪಾಲು ಆ ತಗ್ಗಿನ ವರ್ಷಗಳಿಗೆ ಬರುತ್ತದೆ. ಸವೆತದ ಏರು ಶುರುವಾಗುವಷ್ಟರಲ್ಲಿ ಅವಧಿ ಮುಗಿದಿರುತ್ತದೆ, ಮುಗಿಯದಿದ್ದರೂ "ಸವೆತಕ್ಕೆ ಅನ್ವಯಿಸುವುದಿಲ್ಲ" ಎಂಬ ಸಾಲು ಇದ್ದೇ ಇರುತ್ತದೆ.

ಷರತ್ತಿನ ಪುಸ್ತಕ ಕೊನೆಗೂ ಸಿಕ್ಕಿತು. ಓದಿದೆ. ಇಂಥ ಪುಸ್ತಕ ಓದುವಾಗ "ಯಾವುದಕ್ಕೆ ಸಿಗುತ್ತದೆ" ಎಂಬ ಪುಟಕ್ಕಿಂತ "ಯಾವುದಕ್ಕೆ ಇಲ್ಲ" ಎಂಬ ಪುಟದಿಂದ ಶುರುಮಾಡುವುದು ಒಳ್ಳೆಯದು. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಟೈರ್, ವೈಪರ್, ಬಲ್ಬ್, ಫಿಲ್ಟರ್ ಇವೆಲ್ಲ ಹೊರಗೆ. ಇದು ನ್ಯಾಯವೇ, ಅವು ಸವೆಯುವುದಕ್ಕೇ ಇರುವ ವಸ್ತುಗಳು. ಸಸ್ಪೆನ್ಶನ್‌ನ ರಬ್ಬರ್ ಬುಶ್‌ಗಳು, ಹೋಸ್ ಪೈಪುಗಳು, ಸೀಲುಗಳು ಒಂದೊಂದು ಕಡೆ ಒಳಗೆ, ಒಂದೊಂದು ಕಡೆ ಹೊರಗೆ. ಟಚ್‌ಸ್ಕ್ರೀನ್, ಕ್ಯಾಮರಾ, ಸೆನ್ಸರ್‌ಗಳ ಕಥೆಯೂ ಅಷ್ಟೆ. ಬರೀ ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ಸೀಮಿತವಾದ ವಾರಂಟಿ ಕೊಂಡು, ಆಮೇಲೆ ಸ್ಕ್ರೀನ್ ಕಪ್ಪಾಯಿತು ಎಂದು ಹೋದರೆ ಬರಿಗೈಲಿ ಬರಬೇಕಾಗುತ್ತದೆ. ಈಗಿನ ಕಾರುಗಳಲ್ಲಿ ಇದು ಸಣ್ಣ ವಿಷಯವಲ್ಲ. ಬಲ್ಬ್ ಬದಲಿಸಿ ಮುಗಿಸುತ್ತಿದ್ದ ಕಾಲ ಹೋಗಿ, ಎಷ್ಟೋ ಎಲ್‌ಇಡಿ ಹೆಡ್‌ಲೈಟ್‌ಗಳಲ್ಲಿ ಒಂದು ಮೂಲೆ ಕತ್ತಲಾದರೂ ಇಡೀ ಲೈಟನ್ನೇ ಬದಲಿಸಬೇಕು.

ಅದಕ್ಕಿಂತ ಮೋಸದ ಜಾಗವೆಂದರೆ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹರಡುವ ಹಾನಿ. ಎಂಜಿನ್ನಿನ ಪಿಸ್ಟನ್, ವಾಲ್ವ್‌ಗಳನ್ನು ಒಂದೇ ತಾಳಕ್ಕೆ ಓಡಿಸುವ ಟೈಮಿಂಗ್ ಬೆಲ್ಟನ್ನೇ ತೆಗೆದುಕೊಳ್ಳಿ. ಅದು ಇಂತಿಷ್ಟು ಕಿಲೋಮೀಟರಿಗೆ ಬದಲಿಸಬೇಕಾದ ವಸ್ತು. ಅದು ಹರಿದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲೆ ಬಂದು ತೆರೆದ ವಾಲ್ವ್‌ಗೆ ಬಡಿಯುತ್ತದೆ. ವಾಲ್ವ್ ಬಾಗುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ. ವಾಲ್ವ್‌ಗೆ ವಾರಂಟಿಯಿದೆ, ಬೆಲ್ಟಿಗಿಲ್ಲ. ಬೆಲ್ಟನ್ನು ಹೊತ್ತಿಗೆ ಸರಿಯಾಗಿ ಬದಲಿಸಿದ ಬಿಲ್ ನಮ್ಮಲ್ಲಿ ಇಲ್ಲದಿದ್ದರೆ ಇಡೀ ಎಂಜಿನ್ನಿನ ಖರ್ಚು ನಮ್ಮ ತಲೆಗೆ. ಡೀಸೆಲ್ ಕಾರಿನ ಡಿಪಿಎಫ್ ಇನ್ನೊಂದು ಉದಾಹರಣೆ. ಹೊಗೆಯ ಮಸಿ ಹಿಡಿದಿಡುವ ಆ ಫಿಲ್ಟರ್ ತನ್ನೊಳಗಿನ ಮಸಿಯನ್ನು ಸುಟ್ಟು ಶುಚಿಯಾಗಲು ಒಂದಷ್ಟು ಹೊತ್ತು ಒಂದೇ ಸಮನೆ ಓಡುವ ಕಾರು ಬೇಕು. ದಿನವೂ ಚೋಟುದ್ದ ಓಡಾಟವಷ್ಟೇ ಇದ್ದರೆ ಅದು ಕಟ್ಟಿಕೊಳ್ಳುತ್ತದೆ. ಆಗ ಬರುವ ಉತ್ತರ: ಇದು ದೋಷವಲ್ಲ, ನೀವು ಓಡಿಸಿದ ರೀತಿ.

ಸರ್ವೀಸ್ ದಾಖಲೆಯ ವಿಷಯವೂ ಇಲ್ಲೇ ಬರುತ್ತದೆ. ಹೇಳಿದ ಅವಧಿಗೆ, ಹೇಳಿದ ಆಯಿಲ್ ಹಾಕಿಸಿ, ಬಹಳ ಕಡೆ ಕಂಪನಿಯ ಅಧಿಕೃತ ಸರ್ವೀಸ್ ಸೆಂಟರಿನಲ್ಲೇ ಮಾಡಿಸಿರಬೇಕು. ಪರಿಚಯದ ಮೆಕ್ಯಾನಿಕ್‌ನಲ್ಲಿ ಕಡಿಮೆ ಖರ್ಚಿಗೆ ಆಗುತ್ತಿದ್ದ ಸರ್ವೀಸನ್ನು ಬಿಟ್ಟು ಇನ್ನೆರಡು ವರ್ಷ ದುಬಾರಿ ಸರ್ವೀಸಿಗೆ ಕಟ್ಟುಬೀಳುತ್ತೇವೆ. ವಾರಂಟಿಯ ಬೆಲೆ ಎಂದು ಹಾಳೆಯಲ್ಲಿ ಬರೆದಿರುವ ಮೊತ್ತದಲ್ಲಿ ಈ ವ್ಯತ್ಯಾಸ ಸೇರಿರುವುದಿಲ್ಲ. ಪ್ರತಿ ಕ್ಲೇಮಿಗೂ ನಾವು ಕೈಯಿಂದ ಹಾಕಬೇಕಾದ ಪಾಲೊಂದಿದ್ದರೆ ಅದೂ ಸೇರಿರುವುದಿಲ್ಲ.

ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರ ತಮ್ಮ ಪ್ರಸಿದ್ಧ ಲೇಖನದಲ್ಲಿ 95 ವಿದ್ಯಾರ್ಥಿಗಳಿಗೆ ಒಂದು ವಿಚಿತ್ರ ವಿಮೆಯ ಬಗ್ಗೆ ಕೇಳಿದ್ದರು. ಅರ್ಧ ಕಂತು ಕಟ್ಟಿ. ಹಾನಿಯಾದಾಗ ತಿಂಗಳ ಬೆಸ ತಾರೀಖಾಗಿದ್ದರೆ ಉಳಿದರ್ಧ ಕಟ್ಟಿ, ಪೂರ್ತಿ ಪರಿಹಾರ ತೆಗೆದುಕೊಳ್ಳಿ. ಸರಿ ತಾರೀಖಾಗಿದ್ದರೆ ಕಟ್ಟಿದ್ದು ವಾಪಸು, ಹಾನಿ ನಿಮ್ಮದು. ಶೇ. 80ರಷ್ಟು ವಿದ್ಯಾರ್ಥಿಗಳು ಬೇಡವೇ ಬೇಡ ಎಂದರು. ಪರಿಹಾರ ಸಿಗಬಹುದು, ಸಿಗದೆಯೂ ಇರಬಹುದು ಎನ್ನುವ ವಿಮೆ ಯಾರಿಗೆ ಬೇಕು? ಷರತ್ತಿನ ಪುಸ್ತಕ ಮುಚ್ಚಿಟ್ಟಾಗ ನನಗೆ ನೆನಪಾದದ್ದು ಇದೇ. ಎಕ್ಸ್‌ಟೆಂಡೆಡ್ ವಾರಂಟಿಯೂ ಅಂಥದ್ದೇ ವಿಮೆ. ವ್ಯತ್ಯಾಸವೆಂದರೆ ಇಲ್ಲಿ ಕಂತು ಪೂರ್ತಿ ಕಟ್ಟಿಸಿಕೊಳ್ಳುತ್ತಾರೆ, ಮತ್ತು ಯಾವುದು ಬೆಸ ಯಾವುದು ಸರಿ ಎನ್ನುವುದನ್ನು ಆಮೇಲೆ ಸರ್ವೀಸ್ ಸೆಂಟರಿನವರು ಹೇಳುತ್ತಾರೆ. ಆ ವಿದ್ಯಾರ್ಥಿಗಳು ಒಪ್ಪದ್ದನ್ನು ನಾವು ನಗುತ್ತ ಒಪ್ಪುವುದು ಆ ಅನಿಶ್ಚಿತತೆ ಹಾಳೆಯ ಮೇಲೆ ಕಾಣುವುದಿಲ್ಲ ಎಂಬ ಕಾರಣಕ್ಕೆ.

ಕೊಡುವವರು ಯಾರು ಎನ್ನುವುದೂ ಮುಖ್ಯ. ಕಾರು ಮಾಡಿದ ಕಂಪನಿಯೇ ಬೆನ್ನಿಗಿರುವ ವಾರಂಟಿ ಬೇರೆ, ಮೂರನೆಯವರು ಮಾರುವ ಕರಾರು ಬೇರೆ. ಶೋರೂಂನಲ್ಲಿ ಎರಡೂ ಒಂದೇ ಮೇಜಿನ ಮೇಲಿರಬಹುದು, ಹೆಸರುಗಳೂ ಹತ್ತಿರ ಹತ್ತಿರವೇ ಇರಬಹುದು. ಅಮೆರಿಕದಲ್ಲಿ ಇಂಥ ಕರಾರುಗಳನ್ನು ಫೋನು, ಟಿವಿಗಳಲ್ಲಿ ಅಬ್ಬರದಿಂದ ಮಾರಿದ ಯುಎಸ್ ಫಿಡೆಲಿಸ್ ಎಂಬ ಸಂಸ್ಥೆ 2010ರಲ್ಲಿ ದಿವಾಳಿಯೆದ್ದಿತು. ಮುಂದಿನ ವರ್ಷಗಳ ರಕ್ಷಣೆಗೆ ಇಂದೇ ಹಣ ಕಟ್ಟುವಾಗ, ಆ ವರ್ಷಗಳು ಬರುವ ಹೊತ್ತಿಗೆ ಅವರು ಬಾಗಿಲು ತೆರೆದಿರುತ್ತಾರೆಯೇ ಎಂದು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ.

ಕಂಪನಿಗೆ ತನ್ನ ಕಾರಿನ ಮೇಲೆ ನಂಬಿಕೆಯಿದ್ದರೆ ಅದನ್ನು ಹೇಳುವ ದಾರಿ ಬೇರೆಯೇ ಇದೆ. 1998ರಲ್ಲಿ, ಗುಣಮಟ್ಟದ ಬಗ್ಗೆ ಜನ ಆಡಿಕೊಳ್ಳುತ್ತಿದ್ದ ಕಾಲದಲ್ಲಿ, ಹ್ಯುಂಡೈ ಅಮೆರಿಕದಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸಿಗೆ 10 ವರ್ಷ ಅಥವಾ 1,00,000 ಮೈಲಿಯ ವಾರಂಟಿ ಘೋಷಿಸಿತು. ಹೆಚ್ಚುವರಿ ಹಣ ಕೇಳಲಿಲ್ಲ. ಕೆಟ್ಟ ಕಾರು ಮಾಡುವವರು ಇಂಥ ಮಾತು ಕೊಟ್ಟರೆ ಮುಳುಗುತ್ತಾರೆ, ಹಾಗಾಗಿ ಆ ಮಾತಿಗೆ ತೂಕ ಬರುತ್ತದೆ. ಕಾರು ಆರಿಸುವಾಗ ನಾನು ಎರಡು ಕಂಪನಿಗಳ ಮೂಲ ವಾರಂಟಿಯನ್ನು ಹೋಲಿಸಿ ನೋಡುತ್ತೇನೆಯೇ ಹೊರತು, ಮೇಲೆ ಮಾರುವ ವಾರಂಟಿಯನ್ನಲ್ಲ. ಒಂದು ಭಾಗ ವ್ಯಾಪಕವಾಗಿ ಕೈಕೊಟ್ಟಾಗ ಕಂಪನಿಗಳು ತಾವಾಗಿಯೇ ಅವಧಿ ಹೆಚ್ಚಿಸಿದ್ದೂ ಉಂಟು. ನಿಸ್ಸಾನ್ ಅಮೆರಿಕದಲ್ಲಿ ತನ್ನ 2003ರಿಂದ 2010ರವರೆಗಿನ ಮಾಡೆಲ್‌ಗಳ ಸಿವಿಟಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ 10 ವರ್ಷ ಅಥವಾ 1,20,000 ಮೈಲಿವರೆಗೆ ವಾರಂಟಿ ವಿಸ್ತರಿಸಿತ್ತು. ಅದನ್ನೇ ನೆಚ್ಚಿ ಕೂರಲಾಗದು, ಆದರೂ ಹೀಗೂ ಆಗುತ್ತದೆ.

ಎಲೆಕ್ಟ್ರಿಕ್ ಕಾರಿನವರಿಗೆ ಒಂದೇ ಮಾತು: ಅತಿ ದುಬಾರಿ ಭಾಗವಾದ ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರ್‌ನ ಆಸುಪಾಸಿನ ಪ್ರತ್ಯೇಕ ವಾರಂಟಿ ಮೊದಲೇ ಇರುತ್ತದೆ. ಬ್ಯಾಟರಿಯ ಭಯ ತೋರಿಸಿ ಎಕ್ಸ್‌ಟೆಂಡೆಡ್ ವಾರಂಟಿ ಮಾರಲು ಬಂದರೆ, ಇದರಲ್ಲಿ ಬ್ಯಾಟರಿಗೆ ಹೊಸದಾಗಿ ಏನು ಸೇರುತ್ತದೆ ಎಂದು ಕೇಳಿ.

ಇಷ್ಟೆಲ್ಲ ಹೇಳಿದ ಮೇಲೆ ನಾನು ಬೇಡವೆನ್ನುವ ಕಡೆಗೇ ಇದ್ದೆ ಎಂದು ಬೇರೆ ಹೇಳಬೇಕಿಲ್ಲ. ಎದುರು ವಾದ ಬಂದದ್ದು ಮನೆಯೊಳಗಿಂದ. ನನ್ನ ಹೆಂಡತಿ ಬರ್ನೌಲಿಯ ಕಥೆಯನ್ನು ಪೂರ್ತಿ ಕೇಳಿದಳು. ಆಮೇಲೆ, "ಕೈಯಸ್ ಹತ್ರ ಐದು ಸಾವಿರ ಇದ್ರೆ ವಿಮೆ ಬೇಡ, ಸರಿ. ನಿಮ್ಮ ಹತ್ರ ಎಷ್ಟಿದೆ?" ಎಂದಳು. ವಾರಂಟಿಗೆ ಕೊಡುವ ಹಣವನ್ನು ಬೇರೆ ತೆಗೆದಿಡುತ್ತೇನೆ, ಬೇಕಾದಾಗ ಅದೇ ನಮ್ಮ ವಾರಂಟಿ ಎಂದೆ. "ತೆಗೆದಿಡ್ತೀರಿ, ನಾಲ್ಕು ತಿಂಗಳಾದ ಮೇಲೆ ಇನ್ನೇನಕ್ಕೋ ತೆಗೀತೀರಿ. ಅವರಿಗೆ ಕೊಟ್ಟರೆ ವಾಪಸ್ ತೆಗೆಯೋಕಾದ್ರೂ ಬರಲ್ಲ."

ಇದು ಚುಚ್ಚುಮಾತಷ್ಟೇ ಅಲ್ಲ, ಒಳ್ಳೆಯ ಅರ್ಥಶಾಸ್ತ್ರ ಕೂಡ. "ಆ ಹಣವನ್ನು ನೀವೇ ಉಳಿಸಿ" ಎಂದು ಸಲಹೆ ಕೊಡುವವರೆಲ್ಲ, ಕೇಳುವವರು ನಿಜವಾಗಿ ಉಳಿಸುತ್ತಾರೆ ಎಂದು ನಂಬಿಕೊಂಡಿರುತ್ತಾರೆ. ಜೊತೆಗೆ, ಮೊದಲ ವರ್ಷದ ಉಳಿತಾಯದಿಂದ ಗೇರ್‌ಬಾಕ್ಸ್ ಬರುವುದಿಲ್ಲ. ಹಣ ತುಂಬುವ ಮೊದಲೇ ದೊಡ್ಡದೊಂದು ಕೆಟ್ಟರೆ ಸ್ವಂತ ವಾರಂಟಿ ಎಂಬುದು ಬರೀ ಹೆಸರು. ನೆಮ್ಮದಿಗೆ ಬೆಲೆ ಕಟ್ಟಬಾರದೇ ಎಂದೂ ಅವಳು ಕೇಳಿದಳು. ಕಟ್ಟಬಹುದು. ಆದರೆ ಆ ನೆಮ್ಮದಿ ಷರತ್ತಿನ ಪುಸ್ತಕ ಓದಿದ ಮೇಲೂ ಉಳಿಯಬೇಕು ಎನ್ನುವುದು ನನ್ನ ಪಾಲಿನ ತಕರಾರು.

ಇಬ್ಬರನ್ನೂ ಒಂದೇ ಕಡೆ ಕೂರಿಸಿದ್ದು ಪುಸ್ತಕದ ಒಳಗಿದ್ದ ಒಂದು ಸಾಲು: ಮೂಲ ವಾರಂಟಿ ಮುಗಿಯುವುದರೊಳಗೆ ಯಾವಾಗ ಬೇಕಾದರೂ ಇದನ್ನು ಕೊಳ್ಳಬಹುದು. ತಡವಾದಷ್ಟೂ ಬೆಲೆ ಸ್ವಲ್ಪ ಏರುತ್ತದೆ, ಅಷ್ಟೆ. ಬಹಳ ಕಂಪನಿಗಳಲ್ಲಿ ಇಂಥ ಅವಕಾಶವಿದೆ, "ಇವತ್ತೇ ತಗೊಂಡರೆ ಮಾತ್ರ" ಎಂಬ ಶೋರೂಂ ಮಾತಿಗೆ ಹೆದರಬೇಕಿಲ್ಲ. ಆ ಏರಿಕೆಯನ್ನು ನಾನು ದಂಡವೆಂದು ನೋಡುವುದಿಲ್ಲ, ಕಾದು ನೋಡುವ ಹಕ್ಕಿನ ಬೆಲೆಯದು. ಮೂರು ವರ್ಷದ ಹೊತ್ತಿಗೆ ಈ ಕಾರಿನ ಗುಣ ನಮಗೆ ಗೊತ್ತಿರುತ್ತದೆ. ಇದೇ ಮಾಡೆಲ್ ಓಡಿಸುತ್ತಿರುವ ಬೇರೆಯವರ ಅನುಭವವೂ ಹೊರಬಿದ್ದಿರುತ್ತದೆ. ಕಾರನ್ನು ಇಟ್ಟುಕೊಳ್ಳುತ್ತೇವೋ ಮಾರುತ್ತೇವೋ ಎನ್ನುವುದೂ ತೀರ್ಮಾನವಾಗಿರುತ್ತದೆ. ಮಾರುವುದಾದರೆ ವಾರಂಟಿ ಹೊಸ ಮಾಲೀಕರ ಹೆಸರಿಗೆ ಹೋಗುತ್ತದೆಯೇ ಎಂದು ನೋಡಿಕೊಂಡರೆ ಸಾಕು.

ನಮ್ಮದು ಎರಡು ಕ್ಲಚ್ ಇಟ್ಟುಕೊಂಡು ತಾನಾಗಿ ಗೇರ್ ಬದಲಿಸುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನ ಕಾರು. ಅದರೊಳಗಿನ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕ ಕೆಟ್ಟರೆ ಬಿಲ್ ದೊಡ್ಡದೇ ಬರುತ್ತದೆ. ಸಾದಾ ಮ್ಯಾನ್ಯುಯಲ್ ಗೇರಿನ, ಟರ್ಬೊ ಇಲ್ಲದ ಪೆಟ್ರೋಲ್ ಕಾರಾಗಿದ್ದರೆ ಇಷ್ಟು ಚರ್ಚೆಯೂ ನಡೆಯುತ್ತಿರಲಿಲ್ಲ, ಬೇಡವೆಂದು ಎದ್ದುಬಿಡುತ್ತಿದ್ದೆ. ಹಾಗಾಗಿ ಡೆಲಿವರಿಯ ದಿನ ವಾರಂಟಿ ಕೊಳ್ಳಲಿಲ್ಲ, ಪೂರ್ತಿ ಕೈಬಿಡಲೂ ಇಲ್ಲ. ಬೇರೆಯೇ ಒಂದು ಖಾತೆ ತೆರೆದು, ತಿಂಗಳು ತಿಂಗಳು ಹಣ ತಾನಾಗಿ ಹೋಗಿ ಬೀಳುವಂತೆ ಮಾಡಿದ್ದೇವೆ. ಅದರ ಎಟಿಎಂ ಕಾರ್ಡ್ ಅವಳ ಬಳಿ. ಮೂಲ ವಾರಂಟಿ ಮುಗಿಯುವ ಎರಡು ತಿಂಗಳ ಮುಂಚಿನ ತಾರೀಖು ಇಬ್ಬರ ಫೋನಿನಲ್ಲೂ ಇದೆ, ಕಿಲೋಮೀಟರ್ ಗಡಿ ಅದಕ್ಕಿಂತ ಮೊದಲು ಬಂದರೆ ಆಗಲೇ ಕೂತು ಮಾತಾಡುವುದು. ಆ ದಿನ ಖಾತೆಯಲ್ಲಿ ಒಂದು ಗೇರ್‌ಬಾಕ್ಸಿನ ಅರ್ಧದಷ್ಟಾದರೂ ಹಣವಿದ್ದರೆ ವಾರಂಟಿ ಬೇಡ, ಇಲ್ಲದಿದ್ದರೆ ಮರುಮಾತಿಲ್ಲದೆ ಕೊಳ್ಳುವುದು ಎಂಬುದು ಒಪ್ಪಂದ. ಅರ್ಧವೇ ಏಕೆ ಎಂದರೆ, ಕೈಯಸ್‌ನ 5,043 ಅವನ ಸರಕಿನ ಸುಮಾರು ಅರ್ಧ. ಅವನ ಹಡಗಿನ ಲೆಕ್ಕ ನಮ್ಮ ಗೇರ್‌ಬಾಕ್ಸಿಗೆ ಹೊಂದುವುದಿಲ್ಲ ಎನ್ನುವುದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೆ ಇಬ್ಬರೂ ಒಪ್ಪಿದ ಸಂಖ್ಯೆ ಸದ್ಯಕ್ಕೆ ಅದೊಂದೇ.